ಒಂದು ಹೊಗೆ ವಾಸನೆ, ಮೂವರು ತಪ್ಪಿತಸ್ಥರು

ಬಾಗಿಲು ತೆರೆದವನ ಕೊರಳಪಟ್ಟಿಯ ಹತ್ತಿರಕ್ಕೆ ಅವಳು ನೇರವಾಗಿ ಮೂಗು ತಂದಳು.

ಅವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕಣ್ಣು ಮುಚ್ಚಿ, ಸಣ್ಣದಾಗಿ, ಎರಡು ಸಲ ಉಸಿರೆಳೆದುಕೊಂಡಳು.

"ಬಟ್ಟೆ ಸೋಪು... ಗಾಜು ಒರೆಸೋ ಸ್ಪಿರಿಟ್ಟು... ಅದರ ಮೇಲೆ ಹಳೇ ಹೊಗೆ. ಆದ್ರೆ ಹೊಗೆ ಶರ್ಟಿನಲ್ಲಿದೆ, ಉಸಿರಿನಲ್ಲಿಲ್ಲ. ನೀವು ಸೇದಲ್ಲ, ಅಲ್ವಾ?"

"ಇಲ್ಲ. ಯಾವತ್ತೂ ಇಲ್ಲ," ಎಂದ ಅವನು. "ನಮಸ್ಕಾರ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ನೀವು..."

ಆಗ ಅವಳು ತಲೆಯೆತ್ತಿದಳು. ಎಷ್ಟು ಹತ್ತಿರ ನಿಂತಿದ್ದಳೆಂದರೆ, ಅವನ ಕನ್ನಡಕದ ಎರಡೂ ಗಾಜುಗಳ ಮೇಲೆ ಅವಳ ಉಸಿರು ಮಂಜಾಗಿ ಕೂತಿತು. ಆ ಮಂಜು ನಿಧಾನವಾಗಿ ಕರಗಿತು. ಹಿಂದಿನಿಂದ ನಗುವ ಎರಡು ಕಣ್ಣುಗಳು ಕಂಡವು.

'ಅಯ್ಯೋ... ಇವತ್ತೂ ಮರೆತೆ! ಮೊದಲು ನಮಸ್ಕಾರ, ಆಮೇಲೆ ಮೂಗು. ಎಷ್ಟು ಸಲ ಹೇಳಿಸಿಕೊಂಡಿಲ್ಲ!'

ಕೆಳಗೆ ಬೀದಿಯಲ್ಲಿ ನಿಂತಿದ್ದ ವ್ಯಾನಿನಿಂದ ಅವಳ ಸೋದರತ್ತೆಯ ಗಂಟಲು ಮೂರು ಮಹಡಿಗೂ ಕೇಳುವಂತೆ ಬಂತು: "ಮೂಸಿದ್ದಾಯ್ತೇನೇ? ಬಕೆಟ್ಟು ಇಳಿಸ್ಲಾ?"

ಅವಳ ಕಿವಿ ಕೆಂಪಾಯಿತು. ಅವನು ಬಾಗಿಲನ್ನು ಇನ್ನೂ ಅಗಲವಾಗಿ ತೆರೆದ.

ಅವಳ ಕೆಲಸವೇ ಅದು. ಮನೆಗಳ ವಾಸನೆ ಬಿಡಿಸುವುದು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಮೂರು ವರ್ಷ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದು, ಬೇಸರವಾಗಿ, ಮನೆ ತೊಳೆಸುವ ವ್ಯವಹಾರ ನಡೆಸುತ್ತಿದ್ದ ಅತ್ತೆಯ ಜೊತೆ ಸೇರಿಕೊಂಡಿದ್ದಳು. ಸುಟ್ಟ ಅಡುಗೆಮನೆ, ನೀರು ನುಗ್ಗಿದ ಕಾರು ಎಲ್ಲವೂ ಬರುತ್ತಿದ್ದವು. ಹೆಚ್ಚಾಗಿ ಬರುತ್ತಿದ್ದದ್ದು ಸಿಗರೇಟಿನ ಹೊಗೆ.

ಅದೇ ಮೂಗಿನಿಂದ ಅವಳು ಮೂರು ಸಂಬಂಧಗಳನ್ನು ವಾಪಸು ಕಳಿಸಿದ್ದಳು. ಒಬ್ಬ ಏಲಕ್ಕಿ ಜಗಿದು ಬಂದಿದ್ದ. ಇನ್ನೊಬ್ಬ ಸೆಂಟಿನಲ್ಲಿ ಮಿಂದು ಬಂದಿದ್ದ. ಮೂರನೆಯವನು "ಸೇದೋದೇ ಇಲ್ಲ" ಎಂದು ತಾಯಿಯ ಮೇಲೆ ಆಣೆ ಇಟ್ಟಿದ್ದ. ಮೂವರ ಬೆರಳ ತುದಿಗಳೂ ಬೇರೆಯೇ ಮಾತು ಹೇಳಿದ್ದವು.

ಅಂದಿನಿಂದ ಅವಳದು ಒಂದೇ ನಂಬಿಕೆ. ಬಾಯಿ ಸುಳ್ಳು ಹೇಳೀತು, ವಾಸನೆ ಹೇಳದು.

ಒಳಗೆ ಆರಾಮಕುರ್ಚಿಯಲ್ಲಿ ಕೂತಿದ್ದ ಹಿರಿಯರು ಎದ್ದು ನಿಂತರು. ಎರಡೂ ಕೈ ಮುಂದೆ ಚಾಚಿದರು, ಬೇಡಿ ತೊಡಿಸಿಕೊಳ್ಳುವವರ ಹಾಗೆ.

"ಅಪರಾಧಿ ನಾನೇ. ಮೂವತ್ತೈದು ವರ್ಷ, ದಿನಕ್ಕೆ ಇಪ್ಪತ್ತು. ನಿಲ್ಲಿಸಿ ಇವತ್ತಿಗೆ ಅರವತ್ತು ದಿನ."

"ನಮ್ಮಪ್ಪ," ಎಂದ ಅವನು. "ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ರು. ಮಾತೂ ಹಾಗೇ ಬರುತ್ತೆ."

ಗೋಡೆಗಳು ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಟೈಪ್‌ರೈಟರ್ ಇದ್ದ ಮೂಲೆಯ ಮೇಲಿನ ಚಾವಣಿಯಂತೂ ಕಂದು. ಅವಳು ಒಂದು ಫೋಟೋ ಎತ್ತಿ ನೋಡಿದಳು. ಹಿಂದೆ ಬಿಳಿಯ ಚೌಕ.

"ವಾಸನೆ ತುಂಬಾ ಇದೆಯಾ ಡಾಕ್ಟರಮ್ಮ?" ಎಂದು ಹಿರಿಯರು ಕೇಳಿದರು. "ನನಗೆ ಏನೂ ಗೊತ್ತಾಗಲ್ಲ. ಮೂಗು ಸತ್ತು ಎಷ್ಟೋ ವರ್ಷ ಆಯ್ತು."

"ಇವಳು ಆ ಥರ ಡಾಕ್ಟರ್ ಅಲ್ಲ," ಎಂದು ಬಕೆಟ್ಟು ಹಿಡಿದು ಬಂದ ಅತ್ತೆ ಹೇಳಿದಳು. "ಗೋಡೆಗೆ ಮಾತ್ರ ಔಷಧಿ ಕೊಡ್ತಾಳೆ."

ಅವನು ನಗಲಿಲ್ಲ. ಬೀದಿಯ ಕಡೆಯ ಚಿಕ್ಕ ಕೋಣೆಗೆ ಅವಳನ್ನು ಕರೆದೊಯ್ದ. ಹೊಸ ತೊಟ್ಟಿಲೊಂದು ಕಾಗದ ಸುತ್ತಿಸಿಕೊಂಡೇ ನಿಂತಿತ್ತು.

"ನನ್ನ ತಂಗಿಗೆ ಏಳು ತಿಂಗಳಿಗೇ ಹೆರಿಗೆ ಆಯ್ತು. ಹೆಣ್ಣುಮಗು. ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದೆ. ಶ್ವಾಸಕೋಶ ಇಷ್ಟೇ ಇಷ್ಟು. ಭಾವ ಹಡಗಿನ ಕೆಲಸ, ಬರೋದಕ್ಕೆ ಮೂರು ತಿಂಗಳು ಬೇಕು. ಹಾಗಾಗಿ ತಾಯಿ-ಮಗು ಇಲ್ಲಿಗೇ ಬರ್ಬೇಕು. ಮುಂದಿನ ಶನಿವಾರ ಕಳಿಸ್ತಾರಂತೆ. ಆದ್ರೆ ಶುಕ್ರವಾರ ಆಸ್ಪತ್ರೆ ಸಿಸ್ಟರ್ ಬಂದು ಕೋಣೆ ನೋಡ್ತಾರೆ. ಹೊಗೆ ವಾಸನೆ ಒಂಚೂರು ಇದ್ರೂ..."

"ಇದ್ರೂ?"

"ಮಗು ಇನ್ನೂ ಹದಿನೈದು ದಿನ ಅಲ್ಲೇ. ತಂಗಿಗೆ ದಿನಕ್ಕೆ ಎರಡು ಗಂಟೆ ಮಾತ್ರ ನೋಡೋಕೆ ಬಿಡ್ತಾರೆ." ಅವನು ತೊಟ್ಟಿಲಿನ ಕಾಗದವನ್ನು ಸುಮ್ಮನೆ ಸರಿಪಡಿಸಿದ. "ಹೆತ್ತು ಎರಡು ತಿಂಗಳಾಯ್ತು. ಒಂದು ರಾತ್ರಿನೂ ಅವಳು ಮಗು ಪಕ್ಕ ಮಲಗಿಲ್ಲ."

ಹತ್ತು ದಿನ. ಮೂವತ್ತೈದು ವರ್ಷದ ಹೊಗೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಆಗುತ್ತೆ," ಎಂದಳು. ಆಮೇಲೆ, ಅಭ್ಯಾಸವಿಲ್ಲದ ಮಾತೊಂದು ಬಾಯಿಂದ ಬಂತು. "ಆಗೋ ಹಾಗೆ ಮಾಡ್ತೀನಿ."

ಅವನ ಕನ್ನಡಕದಂಗಡಿ ಎರಡು ಬೀದಿ ಆಚೆ. ಮಧ್ಯಾಹ್ನ ಬಾಗಿಲು ಎಳೆದು, ಸಹಾಯ ಮಾಡಲು ಬರುತ್ತಿದ್ದ. ಮೊದಲ ದಿನವೇ ಏಣಿ ಹತ್ತಿ ಚಾವಣಿಯ ಹತ್ತಿರದಿಂದ ಗೋಡೆ ಒರೆಸಲು ಶುರುಮಾಡಿದ.

"ನಿಲ್ಸಿ! ಇಳೀರಿ! ಕೆಳಗಿಂದ ಮೇಲೆ ಹೋಗ್ಬೇಕು."

"ಎಲ್ಲರೂ ಮೇಲಿಂದ ಕೆಳಗೇ ಅಲ್ವಾ ತೊಳೆಯೋದು?"

"ಎಲ್ಲರೂ ತಪ್ಪು. ಒಣಗಿದ ಗೋಡೆ ಮೇಲೆ ಕೊಳೆ ನೀರು ಇಳಿದ್ರೆ ಗೆರೆ ಬೀಳುತ್ತೆ, ಆಮೇಲೆ ಏನು ಮಾಡಿದ್ರೂ ಹೋಗಲ್ಲ. ಒದ್ದೆ ಗೋಡೆ ಮೇಲೆ ಇಳಿದ್ರೆ ಜಾರಿ ಹೋಗುತ್ತೆ."

ಅವನು ಇಳಿದ. ಕೆಳಗಿನಿಂದ ಶುರುಮಾಡಿದ. ಸೋಡಾ ಕಲಸಿದ ಬಿಸಿನೀರು ಗೋಡೆಗೆ ತಾಕಿದ್ದೇ ತಡ, ಕಡು ಚಹಾದ ಬಣ್ಣದ ನೀರು ಮೊಣಕೈವರೆಗೂ ಹರಿಯಿತು.

ಸೋಡಾದ ನೀರಾದ ಮೇಲೆ ವಿನೆಗರ್ ನೀರು. ಸ್ವಿಚ್ಚಿನ ಫಲಕ, ಫ್ಯಾನಿನ ರೆಕ್ಕೆ, ಬಾಗಿಲಿನ ನೆತ್ತಿ, ಬಲ್ಬು ಒಂದನ್ನೂ ಅವಳು ಬಿಡಲಿಲ್ಲ. "ಬಲ್ಬು ಯಾಕೆ?" ಎಂದು ಅವನು ಕೇಳಿದರೆ, "ಬಿಸಿಯಾದಾಗ ಎಲ್ಲ ವಸ್ತುನೂ ಬಾಯಿ ಬಿಡುತ್ತೆ," ಎಂದಳು. ಪರದೆ, ಸೋಫಾ, ಹಾಸಿಗೆ ಎಲ್ಲ ಹೊರಗೆ ಹೋದವು. ತೊಳೆದ ಗೋಡೆಗೆ, ಉಳಿದದ್ದು ಹೊರಬರದಂತೆ ಘಾಟಿಲ್ಲದ ಬಿಳಿ ಲೇಪ.

ಕಿಟಕಿಯ ಗಾಜು ಒರೆಸುತ್ತಿದ್ದವನು ಇದ್ದಕ್ಕಿದ್ದಂತೆ ನಿಂತ. ಅರ್ಧ ಗಾಜು ಹಳದಿ, ಅರ್ಧ ತಿಳಿ. ತಿಳಿಯಾದ ಅರ್ಧದಲ್ಲಿ ಎದುರು ಮನೆಯ ಗೋಡೆ ನೀಲಿಯಾಗಿ ಕಂಡಿತು.

"ಆ ಮನೆ ಹಸಿರು ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ. "ಊರಿಗೆಲ್ಲ ಕನ್ನಡಕ ಕೊಡೋನು ನಾನು. ನಮ್ಮನೆ ಗಾಜು ಹಳದಿ ಅಂತ ನನಗೇ ಗೊತ್ತಿರ್ಲಿಲ್ಲ."

ಅವಳು ಕೈಯಲ್ಲಿದ್ದ ಬಟ್ಟೆ ಹಿಂಡುವುದನ್ನು ಮರೆತು ಅವನನ್ನೇ ನೋಡಿದಳು. ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ಅವಳು ನೋಡಿರಲಿಲ್ಲ.

ನಾಲ್ಕನೆಯ ದಿನ ಅವನು ಅಂಗಡಿಯಿಂದ ಒಂದು ರಕ್ಷಾ ಕನ್ನಡಕ ತಂದ. ಅವಳದು ಜಾರುತ್ತಿತ್ತು, ಮೂಗಿನ ಮೇಲೆ ಕೆಂಪು ಗುಳಿ ಬಿದ್ದಿತ್ತು.

"ಸ್ವಲ್ಪ ಅಲ್ಲಾಡಬೇಡಿ. ಅಳತೆ ತಗೋಬೇಕು."

ಪುಟ್ಟ ಅಳತೆಪಟ್ಟಿ ಅವಳ ಮೂಗಿನ ಸೇತುವೆಯ ಮೇಲೆ ತಣ್ಣಗೆ ಕೂತಿತು. ಅದರ ಹಿಂದೆ ಅವನ ಬೆರಳು, ಬೆಚ್ಚಗೆ.

"ಎಲ್ಲರಿಗೂ ಮೂಗಿನ ಎರಡು ಬದಿ ಒಂದೇ ಥರ ಇರಲ್ಲ," ಎಂದ ಕೆಲಸದ ಧ್ವನಿಯಲ್ಲಿ. "ನಿಮ್ಮದು ಎಡಗಡೆ ಒಂದು ಕೂದಲೆಳೆ ಇಳಿದಿದೆ."

'ಊರಿನವರ ಮನೆಗಳನ್ನೆಲ್ಲ ಮೂಸಿದವಳು ನಾನು... ನನ್ನ ಮೂಗನ್ನು ಯಾರೂ ಹೀಗೆ ನೋಡಿರಲಿಲ್ಲವಲ್ಲ!'

ಮಾತಾಡಲು ಹೋದಳು. ಸೀನು ಬಂತು.

ಅಡುಗೆಮನೆಯಿಂದ ಎಲ್ಲ ನೋಡುತ್ತಿದ್ದ ಅತ್ತೆ ವ್ಯಾನಿನಲ್ಲಿ ಹೇಳಿದಳು: "ಮೂಗಿಗೆ ತುಪ್ಪ ಸವರ್ತಿದಾನೆ. ಹುಷಾರು."

"ಕನ್ನಡಕ ಕೊಟ್ಟ ಅಷ್ಟೇ ಅತ್ತೆ!"

"ನಾನೂ ಎದುರಿಗೇ ಇದ್ದೆ. ನನ್ನ ಮೂಗಿಗೇನು ಬಂದಿತ್ತು ರೋಗ? ಅದನ್ನ್ಯಾಕೆ ಅಳೀಲಿಲ್ಲ?"

ಕೆಲಸ ಮುಗಿಯಿತೋ ಇಲ್ಲವೋ ತಿಳಿಯಲು ಅವಳದೇ ಒಂದು ಪದ್ಧತಿ ಇತ್ತು. ದಿನವಿಡೀ ಹೊಗೆಯಲ್ಲಿ ಇದ್ದ ಮೂಗು ದಣಿಯುತ್ತದೆ, ಅದನ್ನು ನಂಬುವ ಹಾಗಿಲ್ಲ. ಹಾಗಾಗಿ ಬಿಳಿಯ ಹತ್ತಿಬಟ್ಟೆಯ ತುಂಡುಗಳನ್ನು ಕೋಣೆಗೊಂದರಂತೆ ಸಂಜೆ ತೂಗುಹಾಕಿ, ಕಿಟಕಿ ಮುಚ್ಚಿ ಹೋಗುವುದು. ಬೆಳಗ್ಗೆ ಅವನ್ನು ಹೊರಗಿನ ಗಾಳಿಗೆ ತಂದು ಮೂಸುವುದು. ಕೋಣೆಯಲ್ಲಿ ಉಳಿದ ವಾಸನೆಯನ್ನೆಲ್ಲ ಹತ್ತಿ ಕುಡಿದಿರುತ್ತದೆ.

ಬಟ್ಟೆ ಇಡುವ ಅವಳ ಡಬ್ಬದ ಮೇಲೆ ಮೊದಲ ದಿನವೇ ಅತ್ತೆ ಕೂತು ಮುಚ್ಚಳ ಮುರಿದಿದ್ದಳು. ಆಗ ಹಿರಿಯರು ಒಳಗಿನಿಂದ ಒಂದು ಹಸಿರು ತಗಡಿನ ಡಬ್ಬ ತಂದುಕೊಟ್ಟಿದ್ದರು. "ಮುಚ್ಚಳ ಎಷ್ಟು ಬಿಗಿ ನೋಡಿ ಡಾಕ್ಟರಮ್ಮ. ಮೂರು ಸಲ ತೊಳೆದಿದೀನಿ." ಆ ಹೊಗೆಮನೆಯಲ್ಲಿ ನಿಂತು ಅವಳು ಥ್ಯಾಂಕ್ಸ್ ಹೇಳಿ, ಬಟ್ಟೆ ತುಂಬಿಕೊಂಡಿದ್ದಳು.

ಮಂಗಳವಾರ ಸಂಜೆ ನಾಲ್ಕು ಬಟ್ಟೆ ತೂಗಿದವು. ಮಗುವಿನ ಕೋಣೆ, ನಡುಮನೆ, ಹಿರಿಯರ ಕೋಣೆ, ಉಗ್ರಾಣ.

ಬುಧವಾರ ಬೆಳಗ್ಗೆ ಮೆಟ್ಟಿಲ ಮೇಲೆ ನಿಂತು ಮೊದಲನೆಯದನ್ನು ಮೂಗಿಗೆ ಹಿಡಿದಳು.

ಹೊಗೆ.

ಎರಡನೆಯದು... ಹೊಗೆ. ನಾಲ್ಕೂ!

ಅವಳಿಗೆ ನಂಬಲಾಗಲಿಲ್ಲ. ಇಡೀ ದಿನ ಮತ್ತೆ ವಿನೆಗರ್ ನೀರಿನಲ್ಲಿ ಚಾವಣಿ ಒರೆಸಿದಳು. ಆ ಹುಳಿ ಘಾಟಿನ ನಡುವೆಯೇ ಹೊಸ ನಾಲ್ಕು ಬಟ್ಟೆ ತೂಗುಹಾಕಿದಳು. ಉಗ್ರಾಣಕ್ಕೆ ಬೀಗ ಹಾಕಿ ಕೀ ಜೊತೆಗೇ ಒಯ್ದಳು.

ಗುರುವಾರ ಬೆಳಗ್ಗೆ ಮತ್ತೆ ಹೊಗೆ. ನಿನ್ನೆ ಇದ್ದಷ್ಟೇ.

ನಡುಮನೆಗೆ ಬಂದು ನಿಂತಳು. ಅಪ್ಪ, ಮಗ ಇಬ್ಬರೂ ಇದ್ದರು.

"ಬೆಂಕಿ ಇಲ್ದೆ ಹೊಗೆ ಆಡಲ್ಲ," ಎಂದಳು. ನಾಲ್ಕೂ ಬಟ್ಟೆಗಳನ್ನು ಮೇಜಿನ ಮೇಲೆ ಹಾಕಿದಳು. "ಯಾರು?"

ಮಗ ಅಪ್ಪನನ್ನು ನೋಡಿದ. 'ಅಪ್ಪ ಮುಂಜಾನೆ ಬಾಲ್ಕನಿಯಲ್ಲಿ ಕೆಮ್ಮುತ್ತಿದ್ದರು... ಪಾಪ, ತಡೆಯಲಾಗಲಿಲ್ಲವೇನೋ. ತಂಗಿಗೆ ಗೊತ್ತಾದರೆ ಜನ್ಮದಲ್ಲಿ ಕ್ಷಮಿಸುವುದಿಲ್ಲ.'

ಅಪ್ಪ ಮಗನನ್ನು ನೋಡಿದರು. 'ತಂಗಿ-ಮಗುವಿನ ಚಿಂತೆಯಲ್ಲಿ ಈ ಹುಡುಗ ಶುರು ಹಚ್ಚಿಕೊಂಡನೇ? ನನ್ನನ್ನೇ ನೋಡಿ ಕಲಿತನಲ್ಲ...'

"ನಾನೇ," ಎಂದ ಕನ್ನಡಕದವನು.

"ಯಾವತ್ತೂ ಇಲ್ಲ ಅಂದಿದ್ರಿ!"

"ಅಂದಿದ್ದೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅವನು ಸರಕ್ಕನೆ ಹಿಂದೆ ಸರಿದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಇನ್ನು ಬೇರೆ ಸಾಕ್ಷಿ ಏತಕ್ಕೆ? ಅವನು ಕೈ ಇಡದಿದ್ದರೂ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ ಎನ್ನಿ. ಅಳು ಬಂದರೆ ಮೂಗು ಕಟ್ಟುತ್ತದೆ. ಎಷ್ಟು ರಸಾಯನಶಾಸ್ತ್ರ ಓದಿದರೂ ಇದಕ್ಕೆ ಪರಿಹಾರವಿಲ್ಲ.

'ನಾಲ್ಕನೆಯವನು. ಇವನೂ...'

ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಮಾಡಿದಳು. "ಸಿಸ್ಟರ್, ನಾಳೆ ಬರ್ಬೇಡಿ. ಕೋಣೆ ತಯಾರಿಲ್ಲ."

"ಒಂದೇ ಒಂದು ದಿನ ಕೊಡಿ," ಎಂದ ಅವನು. ಮುಖ ಸುಣ್ಣವಾಗಿತ್ತು.

"ನನಗೆ ಸುಳ್ಳು ಹೇಳಿದ್ರೆ ಪರವಾಗಿಲ್ಲ. ಆ ಕೂಸಿನ ಶ್ವಾಸಕೋಶಕ್ಕೆ ಸುಳ್ಳು ಹೇಳೋಕಾಗುತ್ತಾ?"

ಅವನು ತಲೆ ತಗ್ಗಿಸಿದ. ಅವಳು ಡಬ್ಬ, ಬಕೆಟ್ಟು ಎತ್ತಿಕೊಂಡು ಮೆಟ್ಟಿಲಿಳಿದಳು.

ಮಧ್ಯಾಹ್ನ ವ್ಯಾನು, ಸಾಮಾನು ಇಡುವ ಅತ್ತೆಯ ಷೆಡ್ಡಿನ ಬಾಗಿಲಿಗೆ ಯಾರೋ ಕೋಲಿನಿಂದ ತಟ್ಟಿದರು. ಹಿರಿಯರು! ಬಸ್ಸು ಹತ್ತಿ, ವಿಳಾಸ ಕೇಳಿಕೊಂಡು ಬಂದಿದ್ದರು. ಕೈಯಲ್ಲೊಂದು ಕಾಗದ.

"ಓದಿ ಡಾಕ್ಟರಮ್ಮ. ಮೂರು ಪ್ರತಿ ಮಾಡಿದೀನಿ. ಒಂದು ನಿಮಗೆ, ಒಂದು ಆಸ್ಪತ್ರೆಗೆ, ಒಂದು ನನ್ನ ಕಡತಕ್ಕೆ."

ಅವಳು ಓದಿದಳು. *ತಪ್ಪೊಪ್ಪಿಗೆ ಹೇಳಿಕೆ. ಸದರಿ ಮನೆಯ ಹಿರಿಯನಾದ ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವುದೇನೆಂದರೆ, ಮಂಗಳವಾರ ಹಾಗೂ ಬುಧವಾರ ಸದರಿ ಕೋಣೆಯಲ್ಲಿ ಸಿಗರೇಟು ಸೇದಿರುತ್ತೇನೆ. ನನ್ನ ಮಗನು ನಿರಪರಾಧಿ.*

ಅತ್ತೆ ಕುರ್ಚಿ ಎಳೆದುಕೊಂಡು ಕೂತಳು. "ಒಂದು ಕೊಲೆಗೆ ಇಬ್ಬರು ಕೊಲೆಗಾರರು. ಮಜಾ ಇದೆ."

"ಎಷ್ಟು ಸೇದಿದ್ರಿ?" ಎಂದಳು ಅವಳು.

"ಎರಡು." ಅವಳ ಮುಖ ನೋಡಿದರು. "ಮೂರು... ನೀವು ಎಷ್ಟು ಬೇಕಂತೀರೋ ಅಷ್ಟು."

"ಯಾವ ಕೋಣೆ?"

"ಮಗು ಕೋಣೆ. ಬರೆದಿದೀನಲ್ಲ, ಸದರಿ ಕೋಣೆ."

"ಉಗ್ರಾಣದ ಬಟ್ಟೆನೂ ಅಷ್ಟೇ ನಾರ್ತಿತ್ತು. ಅದಕ್ಕೆ ಬೀಗ ಹಾಕಿ ಕೀ ನಾನೇ ತಂದಿದ್ದೆ."

ಹಿರಿಯರು ಯೋಚಿಸಿದರು. "ಹಾಗಾದ್ರೆ... ಬೀಗದ ಕಂಡಿಯಿಂದ ಊದಿದೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಕಾಗದ ಹಿಡಿದಿದ್ದವಳು ನಗಲಿಲ್ಲ. ಅವಳೊಳಗಿನ ವಿದ್ಯಾರ್ಥಿನಿ ಎದ್ದು ಕೂತಿದ್ದಳು.

'ಸೇದಿದ ಜಾಗಕ್ಕೆ ಹತ್ತಿರ ಇದ್ದ ಬಟ್ಟೆ ಹೆಚ್ಚು ನಾರಬೇಕು, ದೂರ ಇದ್ದದ್ದು ಕಡಿಮೆ. ಬೀಗದೊಳಗಿನದು ಇನ್ನೂ ಕಡಿಮೆ. ನಾಲ್ಕೂ ಒಂದೇ ಸಮ ಹೇಗೆ? ನಾಲ್ಕಕ್ಕೂ ಸಮನಾದದ್ದು ಯಾವುದು?'

ಅವಳು ಎದ್ದು ಹೋಗಿ ಹಸಿರು ಡಬ್ಬ ತೆರೆದಳು. ಉಳಿದಿದ್ದ ಬಟ್ಟೆಗಳಲ್ಲಿ ಒಂದನ್ನು ಹಿಡಿದು ಹಿತ್ತಲ ಗಾಳಿಗೆ ಓಡಿದಳು. ಮೂಸಿದಳು. ಅತ್ತೆಯ ಮೂಗಿಗೆ ಹಿಡಿದಳು.

"ಥೂ! ಹೊಗೆ. ಇದು ಯಾವ ಕೋಣೇದು?"

"ಯಾವ ಕೋಣೇದೂ ಅಲ್ಲ ಅತ್ತೆ... ಇದನ್ನ ತೂಗುಹಾಕೇ ಇಲ್ಲ!"

ಕಾಲೇಜಿನ ಮೊದಲ ವರ್ಷ ಕಲಿಸುವ ಪಾಠ. ಹೋಲಿಸಿ ನೋಡಲು ಒಂದು ಮಾದರಿಯನ್ನು ಬೇರೆ ಇಡಬೇಕು. ಪದವಿ ಮೇಲೆ ಪದವಿ ಪಡೆದವಳು ಅದನ್ನೇ ಮರೆತಿದ್ದಳು. ಒಂದೇ ಒಂದು ಬಟ್ಟೆಯನ್ನು ತೂಗುಹಾಕದೆ ಮೂಸಿದ್ದರೆ ಸಾಕಿತ್ತು.

"ಅಂಕಲ್... ಈ ಡಬ್ಬದಲ್ಲಿ ಮೊದಲು ಏನಿಡ್ತಿದ್ರಿ?"

"ಅದಾ? ಅರ್ಧ ಸೇದಿ ನಂದಿಸಿದ ತುಂಡುಗಳು. ಇಪ್ಪತ್ತು ವರ್ಷ. ಆದ್ರೆ ಮೂರು ಸಲ ತೊಳೆದೆನಮ್ಮ! ಮೂಸಿನೂ ನೋಡಿದೆ. ಏನೂ ಬರ್ಲಿಲ್ಲ."

"ನಿಮಗೆ ಏನೂ ಬರಲ್ಲ ಅಂಕಲ್!"

"ಹೌದಲ್ಲ..."

ಮುಚ್ಚಳದ ಅಂಚಿನಲ್ಲಿದ್ದ ರಬ್ಬರ್ ಪಟ್ಟಿಯನ್ನು ಅವಳು ಕಿತ್ತಳು. ಇಪ್ಪತ್ತು ವರ್ಷದ ಹೊಗೆ ಅಲ್ಲಿ ಬೆಚ್ಚಗೆ ಕೂತಿತ್ತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಅವನ ಸುಣ್ಣದಂಥ ಮುಖ ನೆನಪಾಯಿತು. ಅಳುವೇ ಗೆದ್ದಿತು.

"ಹಾಗಾದ್ರೆ ನನ್ನ ಮಗ ಸೇದಿಲ್ವಾ?" ಎಂದರು ಹಿರಿಯರು. ಕಣ್ಣು ಅಗಲವಾಗಿದ್ದವು.

"ಇಲ್ಲ ಅಂಕಲ್. ನೀವು ಸೇದಿದ್ದೀರಿ ಅಂದ್ಕೊಂಡು 'ನಾನೇ' ಅಂದ್ರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ಬೆಂಕಿ ಬೇಡ," ಎಂದಳು ಅತ್ತೆ, ವ್ಯಾನಿನ ಕೀ ಎತ್ತಿಕೊಂಡು. "ಮತ್ತೆ ಹೊಗೆ ಆದೀತು. ಹತ್ತು."

ಕನ್ನಡಕದಂಗಡಿಯಲ್ಲಿ ಒಬ್ಬ ದಪ್ಪ ಹೆಂಗಸು ಅಳತೆಯ ಫ್ರೇಮು ತೊಟ್ಟು, ಎದುರಿನ ಅಕ್ಷರದ ಹಲಗೆ ಓದುತ್ತಿದ್ದಳು. ಅಷ್ಟರಲ್ಲಿ ವ್ಯಾನಿನಿಂದ ಇಳಿದವಳು ಒಳಗೆ ನುಗ್ಗಿದಳು.

"ನನ್ನಿಂದ ತಪ್ಪಾಯ್ತು."

ಅವನು ತಿರುಗಲಿಲ್ಲ. "ಮೂರನೇ ಸಾಲು ಓದಿ ಅಮ್ಮ."

"ಮೂರನೇ ಸಾಲು ಕಾಣ್ತಿಲ್ಲಪ್ಪ," ಎಂದಳು ಗಿರಾಕಿ. "ಆದ್ರೆ ಆ ಹುಡುಗಿ ಅಳ್ತಿರೋದು ಸ್ಪಷ್ಟವಾಗಿ ಕಾಣ್ತಿದೆ."

ಆಗ ಅವನು ತಿರುಗಿದ.

"ನೀವು ಸೇದಿಲ್ಲ. ನಿಮ್ಮಪ್ಪನೂ ಸೇದಿಲ್ಲ. ಯಾರೂ ಸೇದಿಲ್ಲ... ನಾರ್ತಿದ್ದದ್ದು ನನ್ನ ಡಬ್ಬ. ನಾನು ನೋಡ್ಲಿಲ್ಲ."

ಅವನು ಬೈಯುತ್ತಾನೆಂದು ಕಾದಳು. ಅವನು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

"ಅಪ್ಪ... ಸೇದಿಲ್ವಾ?"

"ಅರವತ್ತೆಂಟು ದಿನ. ಒಂದೂ ಇಲ್ಲ."

"ನಾನೂ ನಂಬಲಿಲ್ಲವಲ್ಲ ಅವರನ್ನ," ಎಂದ. ಕನ್ನಡಕ ಮತ್ತೆ ಹಾಕಿಕೊಂಡ. "ಬೆಳಗ್ಗೆ ತಂಗಿಗೆ ನಾನೇ ಹೇಳ್ದೆ, ಮಗು ಈ ವಾರ ಬರಲ್ಲ ಅಂತ. ಅವಳು ಅಳಲಿಲ್ಲ. 'ಸರಿ ಅಣ್ಣ' ಅಂದಳು. ಅಷ್ಟೇ. ಅತ್ತಿದ್ರೆ ಚೆನ್ನಾಗಿತ್ತು."

"ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ."

"ಬೈಯೋಕೆ ಟೈಮಿಲ್ಲ. ಸಿಸ್ಟರ್ ಡ್ಯೂಟಿ ನಾಲ್ಕಕ್ಕೆ ಮುಗಿಯುತ್ತೆ. ನಡೀರಿ!"

"ನನ್ನ ಕನ್ನಡಕ?" ಎಂದಳು ಗಿರಾಕಿ.

"ನಾಳೆ ಅಮ್ಮ!"

"ಹೋಗಪ್ಪ, ಹೋಗು. ಅಂಗಡಿ ನಾನು ನೋಡ್ಕೋತೀನಿ. ಏನೂ ಕಾಣಲ್ಲ... ಆದ್ರೂ ನೋಡ್ಕೋತೀನಿ."

ಆಸ್ಪತ್ರೆಯ ದಾದಿ ತೆಳ್ಳಗಿನ, ಮಾತು ಅಳೆದು ಆಡುವ ಹೆಂಗಸು. ಎಲ್ಲ ಕೇಳಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಬೆಳಗ್ಗೆ ಬೇಡ ಅಂದೋರು ನೀವು. ಮಧ್ಯಾಹ್ನ ಬನ್ನಿ ಅಂತೀರಾ. ಹುಡುಗ ಚೆನ್ನಾಗಿದಾನೆ ಅಂತ ಮೂಗು ಬದಲಾಯ್ತಾ?"

"ಹುಡುಗ ಚೆನ್ನಾಗಿದಾನೆ, ಅದು ನಿಜ," ಎಂದಳು ಅವಳು ಅವಸರದಲ್ಲಿ. "ಅದಕ್ಕೇ ನನ್ನ ಮೂಗನ್ನ ನಂಬಬೇಡಿ ಅಂತಿರೋದು! ಬೇರೆ ಯಾರ ಮೂಗಾದ್ರೂ ತನ್ನಿ. ಈ ಕೆಲಸದಲ್ಲಿ ನನ್ನ ಮನಸ್ಸು ಸೇರ್ಕೊಂಡಿದೆ."

ಹೇಳಿಯಾದ ಮೇಲೆ ಏನು ಹೇಳಿದೆನೆಂದು ಅರ್ಥವಾಯಿತು. ಪಕ್ಕದಲ್ಲಿ ನಿಂತಿದ್ದವನು ಗೋಡೆಯ ಮೇಲಿನ ಕೈತೊಳೆಯುವ ಸೂಚನೆಗಳನ್ನು ಅತೀವ ಶ್ರದ್ಧೆಯಿಂದ ಓದತೊಡಗಿದ.

ದಾದಿಯ ತುಟಿ ಅಲುಗಿತು. "ಮಗು ತಾಯಿನ ಕರ್ಕೊಂಡು ಬರ್ತೀನಿ. ಅವಳು ಹೂಂ ಅಂದ್ರೆ ನಾನೂ ನೋಡಿ ಬರೆದುಕೊಡ್ತೀನಿ."

ಶುಕ್ರವಾರ ಬೆಳಗ್ಗೆ ಕಿಟಕಿ ಮುಚ್ಚಿ, ಹೀಟರು ಹಚ್ಚಿ, ಮಗುವಿನ ಕೋಣೆಯನ್ನು ಬಿಸಿಮಾಡಿದರು. ಗೋಡೆಯಲ್ಲಿ ಏನಾದರೂ ಉಳಿದಿದ್ದರೆ ಈಗ ಹೊರಬರಲೇಬೇಕು. ತಂಗಿ ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಐದು ಜನ ಉಸಿರು ಬಿಗಿಹಿಡಿದು ನಿಂತರು. ಒಂದು ನಿಮಿಷ... ಎರಡು... ಐದು.

"ಸದ್ದೇ ಇಲ್ವಲ್ಲೋ," ಎಂದರು ಹಿರಿಯರು.

ಅವನು ಬಾಗಿಲು ತಳ್ಳಿದ. ತಂಗಿ ನೆಲದ ಮೇಲೆ ಕೂತು, ಗೋಡೆಗೆ ಕೆನ್ನೆ ಒತ್ತಿ, ಬಿಕ್ಕಿ ಅಳುತ್ತಿದ್ದಳು.

ಗೋಡೆ ತೊಳೆದವಳು ಅವನ ಹಿಂದೆಯೇ ಒಳಗೆ ನುಗ್ಗಿದಳು. "ವಾಸನೆ... ಇದೆಯಾ?"

"ಇಲ್ಲ," ಎಂದಳು ತಂಗಿ. "ಏನೂ ಇಲ್ಲ... ಅಣ್ಣಾ, ಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ನನ್ನ ಯೂನಿಫಾರ್ಮು, ಪುಸ್ತಕ, ಜಡೆ ಎಲ್ಲ ನಾರ್ತಿತ್ತು. 'ಚಿಮಣಿ' ಅಂತ ಕರೀತಿದ್ರು. ನನ್ನ ಮಗುನ ಯಾರೂ ಹಾಗೆ ಕರೆಯಲ್ಲ ಅಲ್ವಾ?"

ಹಿರಿಯರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನೀನು ಯಾವತ್ತೂ ಹೇಳ್ಲಿಲ್ಲ ಮಗಳೇ."

"ಹೇಳಿದ್ರೆ ಮೂರು ಪ್ರತೀಲಿ ಕ್ಷಮೆ ಕೇಳ್ತಿದ್ರಿ ಅಪ್ಪ." ಅಳುವಿನ ನಡುವೆಯೇ ಅವಳು ನಕ್ಕಳು.

ಹಿರಿಯರು ನಗಲಿಲ್ಲ. ಮಂಡಿ ನೋವು ಮರೆತು ನೆಲಕ್ಕೆ ಕುಸಿದು, ಮಗಳ ತಲೆಯ ಮೇಲೆ ಕೈ ಇಟ್ಟರು. ಮೂವತ್ತೈದು ವರ್ಷ ಬೇರೆಯವರ ಮಾತು ಟೈಪ್ ಮಾಡಿದವರಿಗೆ ಆಗ ಒಂದು ಪದವೂ ಹೊಳೆಯಲಿಲ್ಲ.

ದಾದಿ ಕೋಣೆಯ ನಾಲ್ಕು ಮೂಲೆಗೂ ಹೋಗಿ ನಿಂತಳು. ಪರದೆ, ಹಾಸಿಗೆ ಮೂಸಿದಳು. ಗೋಡೆಗೆ ಕಾಗದ ಆನಿಸಿ ಸಹಿ ಹಾಕಿದಳು. "ನಾಳೆ ಹತ್ತು ಗಂಟೆಗೆ ಬಂದು ಕರ್ಕೊಂಡು ಹೋಗಿ."

ಶನಿವಾರ ಮಧ್ಯಾಹ್ನ. ಮಗು ಮನೆಗೆ ಬಂದಿತ್ತು.

ಅವಳು ಕೈಯಲ್ಲಿ ಬಕೆಟ್ಟಿಲ್ಲದೆ ಆ ಮನೆಗೆ ಬಂದದ್ದು ಅದೇ ಮೊದಲು. ತಂಗಿ ಸ್ನಾನಕ್ಕೆ ಹೋಗುತ್ತ, "ಐದೇ ನಿಮಿಷ," ಎಂದು ಮಗುವನ್ನು ಅವಳ ತೋಳಿಗೆ ಕೊಟ್ಟಿದ್ದಳು. ಹಗುರ ಎಂದರೆ ಅಷ್ಟು ಹಗುರ. ಉಸಿರಾಡುವಾಗ ಪುಟ್ಟ ಎದೆ ಏರಿಳಿಯುವುದನ್ನು ಅವಳು ಎಣಿಸುತ್ತ ಕೂತಳು. ಕೂಸು ಅವಳ ಕಿರುಬೆರಳು ಹಿಡಿದು ನಿದ್ದೆಹೋಗಿತ್ತು.

ಅವನು ಮೊಣಕೈವರೆಗೂ ಕೈ ತೊಳೆದುಕೊಂಡು ಬಂದು, ಎದುರಿನ ಕುರ್ಚಿಯ ಮೇಲೆ ಅಲ್ಲ, ನೆಲದ ಮೇಲೇ ಕೂತ.

"ಒಂದು ಮಾತು ಹೇಳ್ಬೇಕು," ಎಂದ ಪಿಸುದನಿಯಲ್ಲಿ.

"ಷ್... ಮಗು ಮಲಗಿದೆ."

"ಅದಕ್ಕೇ ಈಗ ಹೇಳ್ತಿರೋದು. ನೀವು ಜಗಳ ಆಡೋ ಹಾಗಿಲ್ಲ. ಎದ್ದು ಹೋಗೋ ಹಾಗೂ ಇಲ್ಲ."

ಅವಳು ಕಣ್ಣಲ್ಲೇ ಗದರಿದಳು. ಅವನು ಹೆದರಲಿಲ್ಲ.

"ಆ ದಿನ ನಾನೇ ಸೇದಿದೆ ಅಂತ ಸುಳ್ಳು ಹೇಳಿದೆನಲ್ಲ, ಹೇಳಿ ಮುಗಿಸೋ ಹೊತ್ತಿಗೆ ಗೊತ್ತಾಯ್ತು. ಅಪ್ಪನ್ನ ಉಳಿಸ್ಕೊಂಡೆ, ನಿಮ್ಮನ್ನ ಕಳ್ಕೊಂಡೆ ಅಂತ. ನೀವು ಮೆಟ್ಟಿಲು ಇಳಿದು ಹೋದ್ರಿ. ಈ ಮನೆ ಅಷ್ಟು ತೊಳೆದಿದ್ರೂ ನನಗೆ ಉಸಿರಾಡೋಕೆ ಆಗ್ಲಿಲ್ಲ." ಅವನು ಮಗುವಿನ ಪಾದದ ಮೇಲೆ ಹೊದಿಕೆ ಸರಿಮಾಡಿದ. "ಇವತ್ತು ಎಲ್ಲರೂ ಮನೆಗೆ ಬಂದ್ರು. ನೀವೂ ಬಂದ್ಬಿಟ್ರೆ..."

ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಮಗು ಎದ್ದೀತೆಂದು ಭಯವಾಯಿತು.

"ನಾನು ಯಾರ ಮಾತನ್ನೂ ಪರೀಕ್ಷೆ ಮಾಡ್ದೆ ನಂಬೋಳಲ್ಲ."

"ಗೊತ್ತು. ಮಾಡಿ. ಎಷ್ಟು ದಿನ ಬೇಕು?"

ಅವಳು ಅವನನ್ನು ನೋಡಿದಳು.

"ಈ ಸಲ ಬೇಡ," ಎಂದಳು. "ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ರೀ!"

ಬಾಗಿಲ ಆಚೆ ಏನೋ ಸರಸರ ಎಂದಿತು. "ಏನಂದ್ಲು? ಏನಂದ್ಲು?" ಎಂದು ಹಿರಿಯರ ಪಿಸುಮಾತು. ಮರುಕ್ಷಣ, ಪಿಸುಮಾತು ಎಂಬುದನ್ನೇ ಅರಿಯದ ಅತ್ತೆಯ ಗಂಟಲು: "ಹೂಂ ಅಂದ್ಲು! ಕೊನೆಗೂ ಒಬ್ಬನಿಗೆ ಹೂಂ ಅಂದ್ಲು!"

ಕೂಸು ಬೆಚ್ಚಿತು. ಮುಖ ಕೆಂಪಾಯಿತು. ಬಾಯಿ ಅಗಲವಾಯಿತು. ಆಮೇಲೆ ಬಂತು ನೋಡಿ ಅಳು! ಆ ಅಂಗೈಯಗಲದ ಎದೆಯಿಂದ, ಕಿಟಕಿಯ ಗಾಜು ಝಲ್ಲೆನ್ನುವಂತೆ, ಮೂರು ಮಹಡಿಗೂ ಕೇಳುವಂತೆ.

ತಂಗಿ ಒದ್ದೆ ಕೂದಲಲ್ಲೇ ಓಡಿಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಆಸ್ಪತ್ರೆಯಲ್ಲಿ ಎರಡು ತಿಂಗಳೂ ಅವಳ ಮಗು ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟುತ್ತಿತ್ತು.

"ಕೇಳಿ... ಎಷ್ಟು ಉಸಿರಿದೆ ನನ್ನ ಕೂಸಿಗೆ!" ಎಂದಳು. ಯಾರೂ ಸಮಾಧಾನ ಮಾಡಲು ಮುಂದಾಗಲಿಲ್ಲ. ಎಲ್ಲರೂ ನಿಂತು ಆ ಅಳುವನ್ನು ಕಿವಿ ತುಂಬ ಕೇಳಿದರು.

ಆ ಗದ್ದಲದ ನಡುವೆ ಅವನು ಅವಳ ಕಿವಿಯ ಹತ್ತಿರ ಬಾಗಿದ.

"ನೋಡಿ, ನಿಮ್ಮ ಅತ್ತೆ ಮಗುನ ಎಬ್ಬಿಸಿಬಿಟ್ರು."

ಅವಳು ಮಗುವನ್ನು ಎದೆಗೆ ಒತ್ತಿಕೊಂಡು, ಅವನ ಕಣ್ಣು ತಪ್ಪಿಸಿ, ಮೆಲ್ಲಗೆ ತಿದ್ದಿದಳು.

"ನಮ್ಮ ಅತ್ತೆ ಅನ್ನಿ."